ಅಭಿಮಾನಿಯ ಕಿವಿ: ಭೀಮಸೇನ ಜೋಶಿಯವರ ಕೇಳುಗರನ್ನು ಕುರಿತು

ಜನಪ್ರಿಯ ಗಾಯಕನೊಬ್ಬನನ್ನು ಕುರಿತು ಅವನ ಅಭಿಮಾನಿಗಳು ಆಡುವ ಮಾತನ್ನು ವಿಮರ್ಶೆ ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದನ್ನು ಅತಿಶಯೋಕ್ತಿಯೆಂದೋ ಭಾವುಕತೆಯೆಂದೋ ಬದಿಗೆ ಸರಿಸಿ, ರಾಗ, ಘರಾಣೆ, ಗಾಯಕಿಗಳ ವಿಶ್ಲೇಷಣೆಗೆ ತೊಡಗುವುದು ರೂಢಿ. ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ರೂಢಿಯಲ್ಲಿ ಒಂದು ತೊಡಕು ಕಾಣುತ್ತದೆ. ನಾವು ವರ್ಷಗಟ್ಟಲೆ ಓದುವ, ಪಾಠ ಹೇಳುವ ರಗಳೆಗಳೂ ಪುರಾಣಗಳೂ ಬಹುಮಟ್ಟಿಗೆ ಅಭಿಮಾನಿಗಳ ರಚನೆಗಳೇ. ಶರಣರ ಚರಿತ್ರೆಗೆ ಹರಿಹರನ ಹೊರತು ನಮಗೆ ದೊಡ್ಡ ಆಧಾರವಿಲ್ಲ. ಆ ಹರಿಹರನೋ ಶರಣರ ಹೆಸರು ಕೇಳಿದೊಡನೆ ಮೈಮರೆಯುವವನು. ಅಲ್ಲಿ ಮೈಮರೆವನ್ನು ಕಾವ್ಯವೆಂದೂ ಆಕರವೆಂದೂ ಒಪ್ಪುವ ನಾವು, ನಮ್ಮ ಕಾಲದ ಮೈಮರೆವನ್ನು ಮಾತ್ರ ಅಧ್ಯಯನಕ್ಕೆ ತಕ್ಕದ್ದಲ್ಲವೆನ್ನುವುದು ಹೇಗೆ? ಪ್ರಸ್ತುತ ಬರೆಹ ಈ ಪ್ರಶ್ನೆಯಿಂದ ಹುಟ್ಟಿದ್ದು. ಭೀಮಸೇನ ಜೋಶಿಯವರ ಸಂಗೀತದ ಶಾಸ್ತ್ರೀಯ ಮೌಲ್ಯಮಾಪನ ಇದರ ಉದ್ದೇಶವಲ್ಲ. ಅದಕ್ಕೆ ಬೇಕಾದ ಅಧಿಕಾರವೂ ನನಗಿಲ್ಲ. ಅವರನ್ನು ಕನ್ನಡ ಮತ್ತು ಮರಾಠಿ ಕೇಳುಗರು ಯಾವ ಕಥನಗಳ ಮೂಲಕ ಪಡೆದುಕೊಂಡರು, ಆ ಕಥನಗಳು ಏನನ್ನು ಕಾಣಿಸಿ ಏನನ್ನು ಮರೆಯಿಸಿದವು ಎಂಬುದಷ್ಟೇ ಇಲ್ಲಿಯ ವಿಚಾರ.

ಮೊದಲು ಒಂದು ಸ್ಥಳದ ಮಾತು. ಪುಣೆಯ ಪೂರ್ವಕ್ಕೆ ಸೊಲ್ಲಾಪುರದ ಹೆದ್ದಾರಿಯಲ್ಲಿರುವ ಹಡಪಸರ, ನಗರದೊಳಗೆ ಸೇರಿಹೋಗಿದ್ದರೂ ಇನ್ನೂ ಊರಬಾಗಿಲಿನ ಗುಣವನ್ನು ಉಳಿಸಿಕೊಂಡಿದೆ. ಜ್ಯೇಷ್ಠದ ಕೃಷ್ಣಪಕ್ಷದಲ್ಲಿ ಆಳಂದಿಯಿಂದ ಹೊರಟ ಜ್ಞಾನೇಶ್ವರರ ಪಾಲಕಿಯೂ ದೇಹೂವಿನಿಂದ ಹೊರಟ ತುಕಾರಾಮರ ಪಾಲಕಿಯೂ ಪುಣೆಯಲ್ಲಿ ತಂಗಿ, ಮುಂದೆ ಹಡಪಸರದವರೆಗೆ ಒಂದೇ ದಾರಿಯಲ್ಲಿ ಬರುತ್ತವೆ. ಅಲ್ಲಿಂದ ಜ್ಞಾನೇಶ್ವರರದು ದಿವೇಘಾಟವನ್ನೇರಿ ಸಾಸವಡದ ಕಡೆಗೆ, ತುಕಾರಾಮರದು ಲೋಣಿ ಕಾಳಭೋರದ ಕಡೆಗೆ. ಎರಡೂ ಕೊನೆಗೆ ಸೇರುವುದು ಪಂಢರಪುರವನ್ನೇ. ಅದೇ ಸೊಲ್ಲಾಪುರದ ದಾರಿಯಲ್ಲಿ ಎದುರು ದಿಕ್ಕಿನಿಂದ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳ ಕನ್ನಡಿಗರು ಕೆಲಸ ಹುಡುಕಿಕೊಂಡು ಬಂದು ಹಡಪಸರದ ಕೈಗಾರಿಕಾ ವಸಾಹತುವಿನ ಸುತ್ತ ನೆಲೆಸಿದರು. ಕೆಲವು ವರ್ಷಗಳ ಹಿಂದೆ ಅಂಥದೊಂದು ಮನೆಯಲ್ಲಿ ಒಂದು ಶುಕ್ರವಾರದ ಸಂಜೆ ಕಳೆಯುವ ಅವಕಾಶ ನನಗೊದಗಿತ್ತು. ಮನೆಯ ಯಜಮಾನರು ವಿಜಯಪುರದ ಕಡೆಯವರು, ಕಾರ್ಖಾನೆಯೊಂದರಿಂದ ನಿವೃತ್ತರಾದವರು. ದೀಪ ಹಚ್ಚಿದೊಡನೆ ಭೀಮಸೇನರ ದಾಸವಾಣಿಯ ಹಳೆಯ ಕ್ಯಾಸೆಟ್ಟನ್ನು ಹಾಕುವುದು ಆ ಮನೆಯ ನೇಮ. ಅವರ ಮೊಮ್ಮಗಳು ಶಾಲೆಯಲ್ಲಿಯೂ ಬೀದಿಯಲ್ಲಿಯೂ ಮರಾಠಿಯಾಡುವ ಹುಡುಗಿ. ಅಜ್ಜನೊಡನೆ ಕೂಡ ಅರ್ಧ ಮರಾಠಿಯೇ. ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದವನ್ನು ಮಾತ್ರ ಕ್ಯಾಸೆಟ್ಟಿನೊಡನೆ ಒಂದಕ್ಷರ ಬಿಡದೆ ಹಾಡಿದಳು. ಎಲ್ಲಿ ಗಾಯಕರು ಉಸಿರು ತೆಗೆದುಕೊಂಡರೋ ಅಲ್ಲಿ ತಾನೂ ತೆಗೆದುಕೊಂಡಳು. ಕೆಲವು ಮಾತುಗಳ ಅರ್ಥ ಕೇಳಿದೆ, ಗೊತ್ತಿರಲಿಲ್ಲ. ಅಜ್ಜ ನಡುವೆ ಬಾಯಿಹಾಕಿ, ‘ಅರ್ಥ ಆಮ್ಯಾಲೆ ಬರ್ತದ್ರೀ ಸರ, ಮೊದ್ಲ ದನಿ ಬರ್ಲಿ’ ಎಂದರು. ಈ ಮಾತಿಗೆ ನಾನು ಮುಂದೆ ಮರಳಬೇಕಾಗುತ್ತದೆ.

ಪದಗಳಿಂದ ಆರಂಭಿಸೋಣ. ಕಲಾವಿದನನ್ನು ಮೆಚ್ಚುವವನಿಗೆ ಇಂದಿನ ಕನ್ನಡದಲ್ಲಿ ರೂಢವಾದ ಮಾತು ‘ಅಭಿಮಾನಿ’. ಹಳಗನ್ನಡದಲ್ಲಿ ಅಭಿಮಾನವೆಂದರೆ ತನ್ನನ್ನು ಕುರಿತ ಹೆಮ್ಮೆ, ಛಲ. ರನ್ನನ ದುರ್ಯೋಧನ ಅಭಿಮಾನಧನ. ಅವನ ಅಭಿಮಾನ ಇನ್ನೊಬ್ಬರ ಮೇಲಿನದಲ್ಲ, ತನ್ನ ಮೇಲಿನದು. ಭಕ್ತಿಪಂಥಗಳಲ್ಲಿ ಇದೇ ಪದ ಬಿಡಬೇಕಾದ ಅಹಂಭಾವವನ್ನು ಸೂಚಿಸುತ್ತದೆ. ಇಂಥ ಪದ ಮತ್ತೊಬ್ಬರ ಮೇಲಿನ ಮೆಚ್ಚುಗೆಗೆ ಹೆಸರಾಗಿ ನಿಂತಾಗಲೂ ತನ್ನ ಹಳೆಯ ಅರ್ಥವನ್ನು ಪೂರ್ತಿ ಕಳೆದುಕೊಂಡಿಲ್ಲ. ಕನ್ನಡದ ಅಭಿಮಾನಿ ಮೆಚ್ಚುವುದು ‘ನಮ್ಮವ’ನನ್ನು; ಮೆಚ್ಚುಗೆಯೊಳಗೆ ತನ್ನ ಹೆಮ್ಮೆಯ ಪಾಲೂ ಇದೆ. ನಟ ರಾಜಕುಮಾರರು ಅಭಿಮಾನಿಗಳನ್ನು ದೇವರೆಂದು ಕರೆದು ಈ ಸಂಬಂಧವನ್ನು ತಿರುವುಮುರುವಾಗಿಸಿದ್ದು ಬೇರೊಂದು ಅಧ್ಯಯನದ ವಸ್ತು.

ಮರಾಠಿಯಲ್ಲಿ ಈ ಸ್ಥಾನದಲ್ಲಿರುವುದು ‘ರಸಿಕ’. ಪುಣೆಯ ಸಭೆಯಲ್ಲಿ ಕೇಳುಗರನ್ನು ‘ರಸಿಕ’ರೆಂದು ಸಂಬೋಧಿಸುವುದು ಗೌರವದ ಮಾತು. ಕನ್ನಡದಲ್ಲಿ ಒಬ್ಬನನ್ನು ರಸಿಕನೆಂದರೆ ಕೇಳಿದವರು ಮುಗುಳುನಗುತ್ತಾರೆ. ಆ ಮಾತಿನಲ್ಲಿ ಸಂಗೀತಕ್ಕಿಂತ ಶೃಂಗಾರದ ಸುಳಿವೇ ಹೆಚ್ಚು. ಕಾವ್ಯಮೀಮಾಂಸೆಯ ‘ಸಹೃದಯ’ನಂತೂ ತರಗತಿಯ ಹೊರಗೆ ಕಾಲಿಡಲಿಲ್ಲ. ಓದದೆಯೇ ಕಾವ್ಯದಲ್ಲಿ ಪರಿಣತರಾದ ನಾಡವರನ್ನು ಕವಿರಾಜಮಾರ್ಗಕಾರ ಅಷ್ಟು ಹಿಂದೆಯೇ ಗುರುತಿಸಿದ್ದರೂ, ಸಂಗೀತವನ್ನು ಹಾಗೆ ಓದದೆ ಬಲ್ಲವನಿಗೆ ನಮ್ಮಲ್ಲಿ ಒಂದು ಒಳ್ಳೆಯ ಹೆಸರಿಲ್ಲ. ಇದು ಬರಿಯ ನಿಘಂಟಿನ ಕೊರತೆಯಲ್ಲವೆಂದು ನನ್ನ ಭಾವನೆ. ಮರಾಠಿಯ ರಸಿಕ ‘ನಾನು ಏನನ್ನು ಕೇಳಿದೆ’ ಎನ್ನುತ್ತಾನೆ. ಕನ್ನಡದ ಅಭಿಮಾನಿ ‘ಅವರು ಯಾರವರು’ ಎನ್ನುತ್ತಾನೆ. ಭೀಮಸೇನರನ್ನು ಕುರಿತ ಎರಡೂ ಭಾಷೆಗಳ ಮಾತುಕತೆ ಈ ಎರಡು ಪದಗಳ ನಡುವೆ ತೂಗಾಡಿದೆ.

ಇನ್ನು ಕಥನದ ವಿಚಾರ. ಭೀಮಸೇನರು ಹುಟ್ಟಿದ್ದು 1922ರ ಫೆಬ್ರವರಿ 4ರಂದು, ಗದಗ ಸೀಮೆಯಲ್ಲಿ. ತಂದೆ ಗುರುರಾಜ ಜೋಶಿಯವರು ಶಾಲಾ ಶಿಕ್ಷಕರು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಹುಡುಗ ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೊರಟ. ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಧ್ವನಿಮುದ್ರಿಕೆ ಕೇಳಿ ಮನಸೋತದ್ದು, ಊಟದ ಹೊತ್ತಿನಲ್ಲಿ ಒಂದು ಚಮಚ ತುಪ್ಪಕ್ಕಾಗಿ ತಾಯಿಯ ಮೇಲೆ ಮುನಿದದ್ದು, ಟಿಕೇಟಿಲ್ಲದೆ ರೈಲು ಹತ್ತಿ ಹಾಡಿ ದಾರಿ ಸಾಗಿಸಿದ್ದು, ಗ್ವಾಲಿಯರ, ಲಖನೌ, ರಾಮಪುರಗಳನ್ನು ಅಲೆದದ್ದು, ಕಲ್ಕತ್ತೆಯಲ್ಲಿ ನಟ ಪಹಾಡಿ ಸಾನ್ಯಾಲರ ಮನೆಯಲ್ಲಿ ಆಳಾಗಿದ್ದದ್ದು, ಜಲಂಧರದಲ್ಲಿ ತಂದೆಗೆ ಸಿಕ್ಕಿದ್ದು, ನಿನ್ನ ಊರ ಬಳಿಯ ಕುಂದಗೋಳದಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಲ್ಲೇಕೆ ಅಲೆಯುತ್ತೀ ಎಂದು ವಿನಾಯಕರಾವ ಪಟವರ್ಧನರು ತಿಳಿಹೇಳಿದ್ದು—ಇವೆಲ್ಲ ಪ್ರತಿಯೊಬ್ಬ ಅಭಿಮಾನಿಗೂ ಕಂಠಪಾಠ. 1936ರಿಂದ ಸುಮಾರು ನಾಲ್ಕು ವರ್ಷ ಕುಂದಗೋಳದಲ್ಲಿ ಗುರುಗಳ ಮನೆಗೆಲಸ ಮಾಡುತ್ತ, ನೀರು ಹೊರುತ್ತ ಕಲಿತದ್ದು ಕಥೆಯ ಮುಂದಿನ ಘಟ್ಟ. ಹಿಂದೆ ಆಳಾಗಿದ್ದ ಹುಡುಗನೇ ಈ ಗಾಯಕನೆಂದು ಸಾನ್ಯಾಲರು ಬಹುಕಾಲದ ಮೇಲೆ ಅವರ ಬಾಯಿಂದಲೇ ತಿಳಿಯುವುದು ಕಥೆಯ ಪ್ರತ್ಯಭಿಜ್ಞಾನ ಸಂಧಿ.

ಇವು ನಡೆದವೇ ಎಂಬುದಕ್ಕಿಂತ ಇವು ಯಾವ ಅನುಕ್ರಮದಲ್ಲಿ ಕೂಡಿಕೊಂಡಿವೆ ಎಂಬುದನ್ನು ಗಮನಿಸಬೇಕು. ಮನೆಯನ್ನು ತೊರೆಯುವುದು, ಅಲೆದಾಟ, ಪರೀಕ್ಷೆ, ಹುಡುಕಿದ್ದು ಹುಟ್ಟಿದೂರಿನ ಬಳಿಯಲ್ಲಿಯೇ ಇತ್ತೆಂಬ ಅರಿವು, ಸೇವೆ, ಅನುಗ್ರಹ: ಹರಿಹರನ ರಗಳೆಗಳನ್ನು ಓದಿದವರಿಗೆ ಈ ಆಕೃತಿ ಹೊಸದಲ್ಲ. ಬಾಗೇವಾಡಿಯನ್ನು ಬಿಟ್ಟು ಕಪ್ಪಡಿಯ ಸಂಗಮಕ್ಕೆ ನಡೆದ ಬಸವಣ್ಣನ ಕಥೆಯನ್ನು ಶತಮಾನಗಳ ಕಾಲ ಕೇಳಿದ ಜನ, ಗದಗಿನ ಹುಡುಗನ ಕಥೆಯನ್ನು ಮತ್ತೆ ಬೇರೆ ರೀತಿಯಲ್ಲಿ ಹೇಳಲು ಬರುತ್ತಿರಲಿಲ್ಲ. ಶರಣಚರಿತೆಯಲ್ಲಿ ದೋಷವೂ ಲೀಲೆಯಾಗುವಂತೆ, ಅವರು ಮುಂದೆ ತ್ಯಜಿಸಿದ ಕುಡಿತವೂ ಕಾರು ಓಡಿಸುವ ಹುಚ್ಚೂ ಇಲ್ಲಿ ಅಭಿಮಾನದ ಉಪಕಥೆಗಳಾಗಿವೆ.

ಆದರೆ ಈ ಆಕೃತಿ ಎಲ್ಲರಿಗೂ ಒದಗುವಂಥದಲ್ಲ. ನನ್ನ ದೃಷ್ಟಿಯಲ್ಲಿ ಈ ಅಭಿಮಾನಕಥನದ ಮುಖ್ಯ ಮಿತಿ ಇರುವುದು ಇಲ್ಲಿ. ಅದೇ ಗುರುವಿನ ಬಳಿ, ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿಯುತ್ತಿದ್ದರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಹಾಡುವುದನ್ನು ಕುಲವೃತ್ತಿಯೆಂದು ಕೀಳಾಗಿ ಕಂಡ ಸಮಾಜದ ಹಂಗಿನ ಮಾತುಗಳನ್ನು ಕೇಳುತ್ತಲೇ ಗಂಗೂಬಾಯಿಯವರು ಬೆಳೆದರು. ಮೇಲ್ಜಾತಿಯ ಹುಡುಗ ಮನೆಬಿಟ್ಟು ಓಡಿದರೆ ಅದು ಸಾಧನೆಯ ಮೊದಲ ಹೆಜ್ಜೆ. ಆ ಹುಡುಗಿ ಮನೆಬಿಟ್ಟು ಓಡಿದ್ದರೆ ಅದಕ್ಕೆ ಯಾವ ಹೆಸರು ಬರುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಕೆಗೆ ಸಂಜೆಯ ರೈಲಿನಲ್ಲಿ ಹೋಗಿ ರಾತ್ರಿಯ ರೈಲಿನಲ್ಲಿ ಮರಳುವುದೇ ಅಲೆದಾಟ. ಟಿಕೇಟಿಲ್ಲದ ಪ್ರಯಾಣ ದಂತಕಥೆಯಾಯಿತು; ಟಿಕೇಟು ಕೊಂಡು, ಮನೆ ಮಕ್ಕಳನ್ನು ನೋಡಿಕೊಂಡು, ವರ್ಷಗಟ್ಟಲೆ ಮಾಡಿದ ಪ್ರಯಾಣ ‘ಕಷ್ಟ’ವೆಂಬ ಒಂದು ಮಾತಿನಲ್ಲಿ ಮುಗಿಯಿತು. ಗಾಯಕ ಮುಸಲ್ಮಾನನಾದರೆ ಉಸ್ತಾದ, ಹಿಂದುವಾದರೆ ಪಂಡಿತ, ಹೆಂಗಸಾದರೆ ಮಾತ್ರ ಬಾಯಿಯಾಗಿಯೇ ಉಳಿಯುತ್ತಾಳೆ ಎಂಬರ್ಥದಲ್ಲಿ ಅವರಾಡಿದ ಮಾತು ಪ್ರಸಿದ್ಧವಾಗಿದೆ. ಅಭಿಮಾನಿಗಳ ಸಂಬೋಧನೆಗೆ ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಮ್ಮ ಯಾವ ವಿದ್ವಾಂಸರೂ ಬರೆದಿಲ್ಲ. ಅಕ್ಕನ ಕಥೆ ಬರೆಯುವಾಗ ಹರಿಹರನಿಗಾದರೂ ಮನೆಬಿಟ್ಟ ಹೆಣ್ಣನ್ನು ಮಹತ್ತಿನ ಭಾಷೆಯಲ್ಲಿ ಹೇಳುವ ಧೈರ್ಯವಿತ್ತು.

ಗಾಯನವನ್ನೇ ಕುರಿತ ಅಭಿಮಾನದ ಮಾತು ಇದಕ್ಕಿಂತ ಸ್ವಾರಸ್ಯವಾದದ್ದು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ—ಎಂದರೆ ಕನ್ನಡವೂ ಮರಾಠಿಯೂ ಶಾಸನಗಳಲ್ಲಿ ಜೊತೆಜೊತೆಯಾಗಿ ಬಾಳಿದ ನಾಡಿನಲ್ಲಿ—ಸಂಗೀತರತ್ನಾಕರವನ್ನು ರಚಿಸಿದ ಶಾರ್ಙ್ಗದೇವ, ಗಾಯಕರ ದೋಷಗಳನ್ನು ಇಪ್ಪತ್ತೈದೆಂದು ಎಣಿಸುತ್ತಾನೆ. ಕಣ್ಣು ಮುಚ್ಚಿಕೊಂಡು ಹಾಡುವುದು, ಕತ್ತು ಕೊಂಕಿಸುವುದು, ಅಂಗಗಳನ್ನು ಚಾಚುವುದು, ಬಾಯನ್ನು ವಿಕಾರವಾಗಿ ತೆರೆಯುವುದು ಈ ಪಟ್ಟಿಯಲ್ಲಿ ಸೇರಿವೆ. ಭೀಮಸೇನರ ಕಚೇರಿಯನ್ನು ಕಣ್ಣಾರೆ ಕಂಡವರು, ಕಾಣದವರು ಚಿತ್ರಣಗಳಲ್ಲಿ ಕಂಡವರು, ಈ ಸಾಲನ್ನು ಓದಿ ನಗದಿರಲಾರರು. ತಾನವೊಂದು ಮೇಲಿನ ಷಡ್ಜದತ್ತ ಏರುವಾಗ ಕೈ ಎಲ್ಲಿಯೋ, ಕತ್ತು ಎಲ್ಲಿಯೋ. ಹಗ್ಗವೊಂದನ್ನು ಬಾವಿಯಿಂದ ಸೇದುವವರಂತೆ ಇಡಿಯ ಮೈ ಬಾಗುತ್ತಿತ್ತು. ಶಾರ್ಙ್ಗದೇವನ ಪ್ರಕಾರ ಸರಿಸುಮಾರು ನಾಲ್ಕು ದೋಷ ಏಕಕಾಲದಲ್ಲಿ. ಅಭಿಮಾನಿಗಳಿಗೆ ಅದೇ ಪ್ರಮಾಣ. ಸ್ವರ ಸುಲಭವಾಗಿ ಬರುತ್ತಿಲ್ಲ, ದುಡಿದು ತರಲಾಗುತ್ತಿದೆ ಎಂಬುದನ್ನು ಅವರು ಕಣ್ಣಿನಿಂದ ಕೇಳಿದರು. ಇಲ್ಲಿ ನಾನು ಶಾಸ್ತ್ರಕಾರನ ಪಕ್ಷವನ್ನಲ್ಲ, ಅಭಿಮಾನಿಯ ಪಕ್ಷವನ್ನೇ ಹಿಡಿಯುತ್ತೇನೆ. ಆಸ್ಥಾನದ ಗಾಯಕನಿಗೆ ಶ್ರಮವನ್ನು ಮರೆಸುವುದು ಮರ್ಯಾದೆ. ಆದರೆ ಡಿಸೆಂಬರಿನ ಚಳಿಯಲ್ಲಿ ಬಯಲಿನ ಜಮಖಾನೆಯ ಮೇಲೆ ಶಾಲು ಹೊದ್ದು ಕುಳಿತ ಕಾರಕೂನರಿಗೆ, ಶಿಕ್ಷಕರಿಗೆ, ಕಾರ್ಖಾನೆಯ ನೌಕರರಿಗೆ ದುಡಿಮೆ ಕಾಣುವ ಕಲೆಯೇ ನಂಬಿಕೆಗೆ ಅರ್ಹವಾಗಿ ತೋರಿದ್ದು ಸಹಜ.

ಅವರ ಮೇಲೆ ಜಾಣ ಕೇಳುಗರು ಹೊರಿಸುತ್ತಿದ್ದ ಇನ್ನೊಂದು ಆಕ್ಷೇಪವೆಂದರೆ, ಯಮನ, ಶುದ್ಧಕಲ್ಯಾಣ, ಪೂರಿಯಾ ಧನಾಶ್ರೀ, ಮಾಲಕಂಸ, ದರಬಾರಿ, ತೋಡಿಯಂಥ ಕೆಲವೇ ರಾಗಗಳ ಸುತ್ತ ಅವರು ಸುತ್ತಿದರೆಂಬುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಕುಂದಗೋಳದ ಶಿಕ್ಷಣವೇ ಮುಖ್ಯವಾಗಿ ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರು ರಾಗಗಳಲ್ಲಿ ನಡೆಯಿತೆಂಬ ಹೇಳಿಕೆಯುಂಟು. ಅಪೂರ್ವ ರಾಗಗಳನ್ನು ಅಷ್ಟು ಲೀಲಾಜಾಲವಾಗಿ ಹಾಡಿದ ಮಲ್ಲಿಕಾರ್ಜುನ ಮನಸೂರರ ಪಕ್ಕದಲ್ಲಿಟ್ಟು ನೋಡಿದಾಗ ಈ ಸಂಕೋಚ ಎದ್ದುಕಾಣುತ್ತದೆ; ನನ್ನ ವೈಯಕ್ತಿಕ ಒಲವು ಕೂಡ ಮನಸೂರರ ಕಡೆಗೇ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಸಾಹಿತ್ಯದ ವಿದ್ಯಾರ್ಥಿ ಈ ಆಕ್ಷೇಪವನ್ನು ಸುಮ್ಮನೆ ಒಪ್ಪಲಾರ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾರತದ ಹತ್ತೂ ಪರ್ವಗಳನ್ನು ಒಂದೇ ಭಾಮಿನೀ ಷಟ್ಪದಿಯಲ್ಲಿ ಹೇಳಿದ. ಅವನಿಗೆ ಛಂದಸ್ಸಿನ ಬಡತನವಿತ್ತೆಂದು ಯಾರೂ ದೂರಲಿಲ್ಲ. ಒಂದೇ ಆಕೃತಿಯೊಳಗೆ ಯುದ್ಧವೂ ಹಾಸ್ಯವೂ ಅಳಲೂ ಹೇಗೆ ಹಿಡಿಯುತ್ತವೆಂಬುದೇ ಅಲ್ಲಿಯ ಬೆರಗು. ಗಮಕಿಯ ಬಾಯಲ್ಲಿ ನೂರನೆಯ ಸಲ ಅದೇ ಸಂಧಿಯನ್ನು ಕೇಳಲು ಹೋಗುವವನು ಕಥೆ ತಿಳಿಯಲು ಹೋಗುವುದಿಲ್ಲ. ಭೀಮಸೇನರ ಅದೇ ಯಮನವನ್ನು ಮತ್ತೆ ಕೇಳಲು ಹೋದವರ ಅಭಿಮಾನ ಈ ಜಾತಿಯದೆಂದು ನನಗೆ ತೋರುತ್ತದೆ.

ಈಗ ‘ಅವರು ಯಾರವರು’ ಎಂಬ ಪ್ರಶ್ನೆ. ಕನ್ನಡ ಅಭಿಮಾನಿಗಳಲ್ಲಿ ಒಂದು ನೋವು ಸದಾ ಇದೆ: ನಮ್ಮ ನೆಲದಲ್ಲಿ ಹುಟ್ಟಿದವರನ್ನು ಪುಣೆ ಕಸಿದುಕೊಂಡಿತು ಎಂಬುದು. 2008ರಲ್ಲಿ ಭಾರತರತ್ನ ಘೋಷಣೆಯಾದಾಗ ಎರಡೂ ರಾಜ್ಯಗಳು ‘ನಮ್ಮವರು’ ಎಂದು ಸಂಭ್ರಮಿಸಿದವು. 2011ರ ಜನವರಿ 24ರಂದು ಅವರು ಪುಣೆಯಲ್ಲಿ ತೀರಿಕೊಂಡಾಗಲೂ ಹಾಗೆಯೇ. ಈ ನೋವಿಗೆ ಚಾರಿತ್ರಿಕ ಆಧಾರ ದುರ್ಬಲವಾದದ್ದು. ಭೀಮಸೇನರು ಬೆಳೆದ ಕಾಲದಲ್ಲಿ ಧಾರವಾಡವೂ ಪುಣೆಯೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಕುಂದಗೋಳವಂತೂ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿ ಸಂಗೀತ ನಾಟಕವನ್ನು ಕಟ್ಟಿದರು. ಕುಂದಗೋಳದ ರಾಮಭಾವು ಅದೇ ಮರಾಠಿ ರಂಗದಲ್ಲಿ ಸ್ತ್ರೀಪಾತ್ರಗಳಲ್ಲಿ ಮೆರೆದು ‘ಸವಾಯಿ ಗಂಧರ್ವ’ರೆನಿಸಿದರು. ಸವಾಯಿ ಎಂದರೆ ಒಂದೂಕಾಲು. ಬಾಲಗಂಧರ್ವರನ್ನು ಒಂದೆಂದು ಹಿಡಿದು ಅವರಿಗಿಂತ ಕಾಲುಪಾಲು ಹೆಚ್ಚೆಂದು ಅಳೆದ ಅಭಿಮಾನವಿದು. ಮೆಚ್ಚುಗೆಯನ್ನು ಇಷ್ಟು ಖಚಿತವಾದ ಭಿನ್ನರಾಶಿಯಲ್ಲಿ ಹೇಳಿದ ಉದಾಹರಣೆ ನಮ್ಮ ಬಿರುದಾವಳಿಗಳಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ. ವಿಮಾನದಲ್ಲಿ ಊರಿಂದೂರಿಗೆ ಹಾರಿ ಹಾಡುತ್ತಿದ್ದ ಶಿಷ್ಯನಿಗೆ ಪುಣೆಯವರು ಪ್ರಾಸ ಕೂಡಿಸಿ ‘ಹವಾಯಿ ಗಂಧರ್ವ’ ಎಂದರು.

ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷ ಪುಣ್ಯತಿಥಿಗೆಂದು ಪುಣೆಯಲ್ಲಿ ಆರಂಭವಾದ ಉತ್ಸವವನ್ನು ಭೀಮಸೇನರು ಐದು ದಶಕ ಕಾಲ ತಮ್ಮ ಹೆಗಲ ಮೇಲೆ ಹೊತ್ತರು. ಪುಣೆಯವರ ಮಾತಿನಲ್ಲಿ ‘ಸವಾಯಿಗೆ ಹೋಗುವುದು’ ಎಂದರೆ ಆ ಉತ್ಸವಕ್ಕೆ ಹೋಗುವುದು. ಕುಂದಗೋಳದ ಒಬ್ಬ ಮನುಷ್ಯನ ಬಿರುದು ಮರಾಠಿಯ ಒಂದು ನಾಮಪದವೇ ಆಗಿಹೋಯಿತು. ರಾತ್ರಿಯಿಡೀ ನಡೆದು ಬೆಳಗಿನ ಜಾವಕ್ಕೆ ಮುಗಿಯುತ್ತಿದ್ದ ಆ ಕಚೇರಿಗಳು, 2000ದ ಶಬ್ದಮಾಲಿನ್ಯ ನಿಯಮಗಳ ತರುವಾಯ ರಾತ್ರಿಯ ಹತ್ತರ ಸುಮಾರಿನ ಗಡಿಯೊಳಗೆ ಬರಬೇಕಾಯಿತು. ನಡುರಾತ್ರಿಯ ರಾಗವನ್ನು ನಡುರಾತ್ರಿಯಲ್ಲಿ ಕೇಳುವ ಅಭ್ಯಾಸವುಳ್ಳ ಒಂದು ತಲೆಮಾರಿನ ಕಿವಿ ಹೀಗೆ ಒಂದು ಆಡಳಿತದ ನಿಯಮದಿಂದ ಬದಲಾದದ್ದನ್ನು ಯಾರಾದರೂ ಅಧ್ಯಯನಮಾಡಬೇಕು. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಗುರುಗಳ ಪುಣ್ಯತಿಥಿಯ ಸಂಗೀತ ನಡೆಯುತ್ತದೆ. ಅದು ಮನೆಯ ಅಂಗಳದ ಕಚೇರಿ. ಅಲ್ಲಿ ಹುಟ್ಟಿದ ಸಂಗೀತಕ್ಕೆ ದೊಡ್ಡ ಪ್ರಮಾಣದಲ್ಲಿ ಕೇಳುಗರನ್ನು ಕಟ್ಟಿಕೊಟ್ಟದ್ದು ಪುಣೆ. ಕಸಿದುಕೊಂಡಿತೆಂಬ ಮಾತು ಆದ್ದರಿಂದ ನ್ಯಾಯವಾದದ್ದಲ್ಲ. ಒಂದು ಸಣ್ಣ ಸಂಗತಿ: ಪುಣೆಯ ಆಪ್ತರು ಅವರನ್ನು ‘ಅಣ್ಣಾ’ ಎನ್ನುತ್ತಿದ್ದರು. ಮರಾಠಿಗೆ ಆ ಮಾತು ಬಂದದ್ದು ಕನ್ನಡದಿಂದ.

ನಾವು ನಮ್ಮದೆನ್ನುವುದನ್ನು ನಾವೆಷ್ಟು ಗಮನಿಸಿದ್ದೇವೆಂಬುದೂ ಪ್ರಶ್ನೆಯೇ. ಅ.ನ.ಕೃ. ಅವರ ಕಾದಂಬರಿಯನ್ನಾಧರಿಸಿದ ‘ಸಂಧ್ಯಾರಾಗ’ ಚಿತ್ರದಲ್ಲಿ (1966) ಅವರು ಹಾಡಿದ್ದು ಕನ್ನಡಿಗರಿಗೆ ನೆನಪಿದೆ. ಅದಕ್ಕೆ ಹತ್ತು ವರ್ಷ ಮೊದಲೇ ಹಿಂದಿಯ ‘ಬಸಂತ ಬಹಾರ’ದಲ್ಲಿ ಮನ್ನಾ ಡೇ ಅವರೊಡನೆ ಸ್ಪರ್ಧೆಯ ಹಾಡನ್ನು ಹಾಡಿದರಷ್ಟೆ, ಆ ಚಿತ್ರದ ಮೂಲ ತ.ರಾ.ಸು. ಅವರ ‘ಹಂಸಗೀತೆ’, ಚಿತ್ರದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಕಥೆ ಎಂಬುದನ್ನು ನನ್ನ ವಿದ್ಯಾರ್ಥಿಗಳಲ್ಲಿ ಬಲ್ಲವರು ಅಪರೂಪ. ಕನ್ನಡ ಕಾದಂಬರಿಯಿಂದ ಹುಟ್ಟಿದ ಚಿತ್ರದಲ್ಲಿ ಕನ್ನಡದ ಕಂಠ ಸೋಲಬೇಕಾಗಿ ಬಂದದ್ದು ಚಿತ್ರಕಥೆಯ ಚಮತ್ಕಾರ.

ಕನ್ನಡ–ಮರಾಠಿಗಳ ಈ ಜಗ್ಗಾಟದ ನಡುವೆ ನಿಂತಿರುವವನು ವಿಠ್ಠಲ. ಜ್ಞಾನೇಶ್ವರರೇ ಅವನನ್ನು ಕಾನಡಿಗನೆಂದು ಹಾಡಿದ್ದಾರೆ. ಪುಣೆಯ ಸಂಶೋಧಕ ರಾ. ಚಿಂ. ಢೇರೆಯವರು ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ದಲ್ಲಿ ಈ ದೈವದ ದಕ್ಷಿಣದ ಬೇರುಗಳನ್ನು, ಪಶುಪಾಲಕರ ನಂಟನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಶಂ. ಬಾ. ಜೋಶಿಯವರು ಈ ನಂಟಿನ ಇನ್ನೊಂದು ಕೊನೆಯನ್ನು ಹಿಡಿದು ಜೀವಮಾನವಿಡೀ ದುಡಿದರು. ಪುರಂದರದಾಸರ, ವಿಜಯದಾಸರ, ಜಗನ್ನಾಥದಾಸರ ಅಂಕಿತಗಳಲ್ಲೆಲ್ಲ ವಿಠ್ಠಲನಿದ್ದಾನೆ. ಪಂಢರಪುರದ ಗುಡಿಯಲ್ಲಿ ಪುರಂದರದಾಸರನ್ನು ಕಟ್ಟಿದ್ದರೆಂದು ಕಥೆ ಹೇಳುವ ಕಂಬವಿದೆ, ಗದುಗಿನ ಗುಡಿಯಲ್ಲಿ ಕುಮಾರವ್ಯಾಸನ ಕಂಬವಿರುವಂತೆ. ಭೀಮಸೇನರು ರಾಮ ಫಾಟಕ, ಶ್ರೀನಿವಾಸ ಖಳೆಯವರ ಸಂಯೋಜನೆಯಲ್ಲಿ ಅಭಂಗಗಳನ್ನು ‘ಸಂತವಾಣಿ’ಯಾಗಿ ಹಾಡಿದಾಗ, ಖ್ಯಾಲದ ಕಚೇರಿಗೆ ಎಂದೂ ಬಾರದಿದ್ದ ವಾರಕರಿಗಳೂ ಅವರ ಕೇಳುಗರಾದರು. ‘ದಾಸವಾಣಿ’ಯಲ್ಲಿ ಕನ್ನಡದ ಪದಗಳಿಗೆ ಅದೇ ಕಂಠ ಒದಗಿತು. ಅವರ ಮರಾಠಿಯಲ್ಲಿ ನನ್ನ ಕಿವಿಗೆ ಧಾರವಾಡದ ಒತ್ತು ಕೇಳಿಸುತ್ತದೆ, ಕನ್ನಡದಲ್ಲಿ ಖ್ಯಾಲದ ಎಳೆತ. ಎರಡೂ ಕಡೆಯ ಶುದ್ಧಿವಾದಿಗಳು ಇದನ್ನು ದೋಷವೆನ್ನಬಹುದು. ಆ ಪದಗಳು ಸಂಚರಿಸಿದ ದಾರಿಯೇ ಅಂಥದು.

ಇಲ್ಲಿ ನನ್ನದೊಂದು ತಪ್ಪನ್ನು ದಾಖಲಿಸಬೇಕು. ನನ್ನ ಪಿಎಚ್.ಡಿ. ಪ್ರಬಂಧ ಹರಿದಾಸರ ಪದಗಳ ಪಾಠಾಂತರಗಳನ್ನು ಕುರಿತದ್ದು. ಓಲೆಗರಿ, ಕಾಗದದ ಪ್ರತಿ, ಮುದ್ರಿತ ಸಂಪುಟ ಇವುಗಳನ್ನು ಹೋಲಿಸಿ, ಗಾಯಕರು ‘ಕೆಡಿಸಿದ’ ಪಾಠಗಳನ್ನು ಅಡಿಟಿಪ್ಪಣಿಗೆ ತಳ್ಳಿದ್ದೆ. ಹದಿನೈದು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ಭೀಮಸೇನರ ದಾಸವಾಣಿಯಲ್ಲಿ ಪದಗಳ ಪಾಠ ಹೇಗಿದೆ, ಅದು ಮನೆಮನೆಗಳಲ್ಲಿ ಹೇಗೆ ನೆಲೆಗೊಂಡಿದೆ ಎಂಬುದನ್ನು ಅಧ್ಯಯನಮಾಡಬೇಕೆಂದು ಬಂದ. ಇದು ಸಾಹಿತ್ಯದ ವಿಷಯವಲ್ಲ, ಅಭಿಮಾನದ ವಿಷಯ ಎಂದು ಹೇಳಿ ಕಳುಹಿಸಿದೆ. ಅವನು ಬೇರೊಂದು ವಿಷಯ ತೆಗೆದುಕೊಂಡು ಪದವಿ ಪಡೆದ; ಆ ಕೆಲಸ ಹಾಗೆಯೇ ಉಳಿಯಿತು. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ ಎನ್ನುತ್ತಾರೆ. ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ದಾಸರ ಪ‍ದಗಳನ್ನು ಅಚ್ಚುಹಾಕಿಸಿದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಈ ನಡುವಣ ಮುನ್ನೂರರ ಸಮೀಪದ ವರ್ಷಗಳಲ್ಲಿ ಆ ಪದಗಳು ಮುಖ್ಯವಾಗಿ ಬದುಕಿದ್ದು ಹಾಡುವವರ ಬಾಯಲ್ಲಿ, ಅವರನ್ನು ಮೆಚ್ಚಿ ಕಲಿತವರ ಬಾಯಲ್ಲಿ. ನಾನು ‘ಮೂಲ’ವೆಂದು ಪೂಜಿಸಿದ ಪ್ರತಿಯೂ ಎಂದೋ ಒಬ್ಬ ಅಭಿಮಾನಿ ತನ್ನ ಗಾಯಕನಿಂದ ಕೇಳಿ ಬರೆದಿಟ್ಟುಕೊಂಡದ್ದೇ ಆಗಿರಬೇಕು. ಲಕ್ಷ್ಮಿಯ ಆ ಪದವನ್ನು ಕರ್ನಾಟಕ ಸಂಗೀತದವರು ಮಧ್ಯಮಾವತಿಯಲ್ಲಿ ಹಾಡುವ ರೂಢಿಯಿದೆ. ಇಂದು ಹುಬ್ಬಳ್ಳಿಯಿಂದ ಪುಣೆಯವರೆಗಿನ ಅನೇಕ ಮನೆಗಳಲ್ಲಿ ಅದರ ಧಾಟಿಯೆಂದರೆ ಭೀಮಸೇನರದೇ. 1987ರ ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಚಿತ್ರ ಅದನ್ನು ದಕ್ಷಿಣಕ್ಕೂ ಒಯ್ದಿತು. ಪಾಠಸಂಪಾದಕ ಈ ಧಾಟಿಯನ್ನು ಯಾವ ಅಡಿಟಿಪ್ಪಣಿಯಲ್ಲಿಡಬೇಕು?

ಹೊರನಾಡಿನಲ್ಲಿ ಕೆಲಸ ಮಾಡುತ್ತಿರುವ ಸಂಶೋಧಕರಿಗೆ ಇದು ಕೈಗೆಟುಕುವ ಕೆಲಸ. ಪುಣೆ, ಸೊಲ್ಲಾಪುರ, ಮುಂಬಯಿ, ಮೀರಜಗಳ ಮನೆಗಳಲ್ಲಿ ಅಭಿಮಾನಿಗಳು ಖಾಸಗಿ ಬೈಠಕುಗಳಲ್ಲಿ ತುಂಬಿಕೊಂಡ ಟೇಪುಗಳಿವೆ. ಪೆಟ್ಟಿಗೆಗಳ ಮೇಲೆ ದಿನಾಂಕ, ರಾಗ, ಹಾಡಿದ ಪದದ ಮೊದಲ ಮಾತು ಕೈಬರೆಹದಲ್ಲಿ, ಕೆಲವು ಕನ್ನಡದಲ್ಲಿ, ಹೆಚ್ಚಿನವು ಮೋಡಿಯ ವಳಪುಳ್ಳ ಹಳೆಯ ದೇವನಾಗರಿಯಲ್ಲಿ. ನಮ್ಮ ಹಸ್ತಪ್ರತಿ ಭಾಂಡಾರಗಳಲ್ಲಿ ಇವುಗಳಿಗೆ ಕಪಾಟಿಲ್ಲ. ತೇವಕ್ಕೆ ಟೇಪು ಬೂಷ್ಟು ಹಿಡಿಯುವುದಕ್ಕೆ ಓಲೆಗರಿಗೆ ಹುಳು ಹಿಡಿಯುವಷ್ಟು ಕಾಲವೂ ಬೇಕಾಗಿಲ್ಲ.

ಹಡಪಸರದ ಆ ಮನೆಗೆ ಮುಂದಿನ ಸಲ ಹೋದಾಗ ಕ್ಯಾಸೆಟ್ಟು ಹರಿದುಹೋಗಿತ್ತು. ಮೊಮ್ಮಗಳು ತನ್ನ ನೋಟುಪುಸ್ತಕ ತಂದು ತೋರಿಸಿದಳು. ಆ ಪದವನ್ನು ಕೇಳಿದ್ದು ಕೇಳಿದಂತೆ ದೇವನಾಗರಿಯಲ್ಲಿ ಬರೆದುಕೊಂಡಿದ್ದಳು. ಮುದ್ರಿತ ಪಾಠಕ್ಕಿಂತ ಅದು ಮೂರು ಕಡೆ ಭಿನ್ನವಾಗಿತ್ತು. ತಿದ್ದಲೆಂದು ಪೆನ್ನು ತೆಗೆದವನು, ತಿದ್ದದೆ, ಮೂರನ್ನೂ ನನ್ನ ಪುಸ್ತಕದಲ್ಲಿ ಗುರುತುಮಾಡಿಕೊಂಡು ಬಂದೆ.